ಮೂಳೆಯ ಪಕ್ಷದ ಮನುಷ್ಯ

ಮೇಸ್ತ್ರಿ ಕೆಟ್ಟ ಮನುಷ್ಯ. ಕುಡಿಯುತ್ತಿರಲಿಲ್ಲ, ಕದಿಯುತ್ತಿರಲಿಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ಕೆಟ್ಟತನ ಬೇರೆ ಬಗೆಯದು. ಅವನು ಸುಳ್ಳು ಹೇಳುತ್ತಿರಲಿಲ್ಲ, ಆ ಒಂದು ಗುಣವನ್ನು ದೊಣ್ಣೆಯ ಹಾಗೆ ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದ. ಈ ತೀರ್ಮಾನಕ್ಕೆ ಬರಲು ಅವನ ಸೊಸೆಗೆ ಮದುವೆಯಾದ ಮೇಲೆ ಒಂಬತ್ತು ದಿನ ಸಾಕಾಯಿತು. ಮುಂದಿನ ನಾಲ್ಕು ವರ್ಷಗಳನ್ನು ಅವಳು ಅದಕ್ಕೆ ಸಾಕ್ಷಿ ಕೂಡಿಹಾಕುವುದರಲ್ಲಿ ಕಳೆದಳು.

ಅವನು ಮನೆ ಕಟ್ಟುವ ಮೇಸ್ತ್ರಿಯಲ್ಲ. ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಕಟ್ಟುವವನು. ಮೂವತ್ತೊಂದು ವರ್ಷದಿಂದ ಆ ಬಿಳಿ ಪುಡಿಯ ನೀರಿನಲ್ಲಿ ಕೈ ಅದ್ದಿ ಅದ್ದಿ ಅವನ ಬೆರಳುಗಳು ಹಳೆಯ ಗೋಡೆಯಂತೆ ಬಿರುಕು ಬಿಟ್ಟಿದ್ದವು. ಯಾರೋ ಕಂಪೌಂಡರ್ ತಮಾಷೆಗೆ ಇಟ್ಟ ಹೆಸರು ಅವನಿಗೆ ಪ್ಲಾಸ್ಟರಿಗಿಂತ ಗಟ್ಟಿಯಾಗಿ ಅಂಟಿಕೊಂಡಿತ್ತು. ಸೊಸೆ ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಗುತ್ತಿಗೆಯ ನರ್ಸ್. ಅವಳಿಗೆ ತನ್ನದೇ ಹೆಸರಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು ‘ಮೇಸ್ತ್ರಿ ಸೊಸೆ’ ಎಂದೇ. ಅದು ಅವಳಿಗೆ ಉರಿ.

ಆಸ್ಪತ್ರೆಯಲ್ಲಿ ಹೆಂಗಸರ ವಾಲಿಬಾಲ್ ತಂಡ ಒಂದಿತ್ತು. ಅದನ್ನು ಆಡಿಸುತ್ತಿದ್ದವನು ಮೇಸ್ತ್ರಿ. ಅವನು ಸ್ವತಃ ಒಂದು ದಿನವೂ ಚೆಂಡು ಮುಟ್ಟಿದವನಲ್ಲ. ಹನ್ನೆರಡು ವರ್ಷದ ಹಿಂದೆ ಆಫೀಸಿಗೆ ಹೋಗಿ, “ವಾರಕ್ಕೆ ಎರಡು ಬೆರಳು, ತಿಂಗಳಿಗೆ ಒಂದು ಹಿಮ್ಮಡಿ ಆ ಅಂಗಳದಿಂದ ನನ್ನ ಕೋಣೆಗೆ ಬರ್ತಿದೆ. ನಾನೇ ಆಡಿಸ್ತೀನಿ, ಇಲ್ಲಾ ಅಂಗಳ ಮುಚ್ಚಿ” ಎಂದಿದ್ದನಂತೆ. ಮುಚ್ಚುವುದಕ್ಕಿಂತ ಅವನಿಗೆ ಒಪ್ಪಿಸುವುದು ಸುಲಭ ಎಂದು ಆಫೀಸಿನವರು ಒಪ್ಪಿಸಿದರು.

ಅವನು ಆಡಿಸುವ ರೀತಿ ನೋಡಿದವರು ನಗುತ್ತಿದ್ದರು. ಅವನ ಕೈಕೆಳಗೆ ಆಡಿದವರು ಮಾತ್ರ ನಗುತ್ತಿರಲಿಲ್ಲ. ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಚೆಂಡೆತ್ತಿ ಕೊಡುವ ಲಿಫ್ಟರ್ ಅವನಿಗೆ ‘ಬೆರಳು’. ಹಿಂದೆ ನಿಂತು ಬಗ್ಗಿ ಚೆಂಡು ತೆಗೆಯುವ ಲ್ಯಾಬಿನ ಹೆಂಗಸು ‘ಮಂಡಿ’. ಸ್ಮ್ಯಾಶ್ ಹೊಡೆಯುವ ಸೊಸೆ ‘ಭುಜ’. ಸೊಸೆ ತಂಡಕ್ಕೆ ಸೇರಿದ ಮೊದಲ ದಿನವೇ ಅವನು ಪ್ಲಾಸ್ಟರ್ ಕೋಣೆಯ ಅಸ್ಥಿಪಂಜರವನ್ನು ಅದರ ಗಾಲಿಯ ಕಂಬದ ಸಮೇತ ಅಂಗಳಕ್ಕೆ ತಳ್ಳಿಕೊಂಡು ಬಂದು ಬಲೆಯ ಪಕ್ಕ ನಿಲ್ಲಿಸಿದ್ದ.

“ಚೆಂಡಿಗೆ ಹೊಡೆಯೋದು ಅಂಗೈ ಅಂದ್ಕೊಂಡಿದ್ದೀರಿ ಎಲ್ಲರೂ,” ಎಂದಿದ್ದ. “ಅಂಗೈ ಬರೀ ಪೋಸ್ಟ್‌ಮ್ಯಾನ್. ಕಾಗದ ಬರೆಯೋದು ಕಾಲು. ಮೀನಖಂಡ ತಳ್ಳುತ್ತೆ, ತೊಡೆ ಎತ್ತುತ್ತೆ, ಸೊಂಟ ತಿರುಗುತ್ತೆ, ಹೊಟ್ಟೆ ಬಿಲ್ಲಿನ ಹಾಗೆ ಬಗ್ಗಿ ಬಿಡುತ್ತೆ. ಅಲ್ಲಿಂದ ಬೆನ್ನಿನ ಹಲಗೆಗೆ, ಭುಜದ ಹಿಂದಿನ ಈ ಅಗಲ ಮೂಳೆಗೆ. ಹಲಗೆ ಸರಿದು ಜಾಗ ಕೊಟ್ಟರೆ ತೋಳು ಮೇಲೆ ಹೋಗುತ್ತೆ. ಕೊಡದೇ ಇದ್ರೆ?” ಅಸ್ಥಿಪಂಜರದ ತೋಳನ್ನು ಮೇಲಕ್ಕೆತ್ತಿ ಭುಜದ ಕೀಲನ್ನು ಕೋಲಿನಿಂದ ತಟ್ಟಿದ. “ಈ ಬಟ್ಟಲು ನೋಡಿ. ಬಟ್ಟಲಲ್ಲ, ತಟ್ಟೆ. ತಟ್ಟೆ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ ತೋಳಿನ ಗುಂಡು ಕೂತಿದೆ. ಉರುಳದ ಹಾಗೆ ಹಿಡಿದಿರೋದು ನಾಲ್ಕೇ ನಾಲ್ಕು ಸಣ್ಣ ಸ್ನಾಯು. ನಿಮ್ಮಲ್ಲಿ ಅರ್ಧ ಜನಕ್ಕೆ ಆ ನಾಲ್ಕೂ ಪಿಂಚಣಿ ತಗೊಂಡು ಮನೇಲಿ ಕೂತಿವೆ.”

“ಮಾವ, ಆಟ ಯಾವಾಗ ಶುರು?” ಎಂದಳು ಸೊಸೆ, ಎಲ್ಲರೂ ಕೇಳುವಂತೆ.

“ಇಲ್ಲಿ ಮಾವ ಇಲ್ಲ. ಗೋಡೆ ಹತ್ತಿರ ಹೋಗು. ಎರಡೂ ಅಂಗೈ ಗೋಡೆಗೆ ಊರು. ಮೊಣಕೈ ಬಗ್ಗಿಸದೆ ಬರೀ ಬೆನ್ನಿನ ಹಲಗೆಯಿಂದ ಗೋಡೆ ತಳ್ಳು. ಇನ್ನೂರು ಸಲ.”

ಆ ಇನ್ನೂರು ಸಲ ಏಳು ತಿಂಗಳು ನಡೆಯಿತು. ಉಳಿದವರು ಆಡುವಾಗ ಅವಳು ಗೋಡೆ ತಳ್ಳುತ್ತಿದ್ದಳು. ಕೊನೆಯ ಕಾಲುಗಂಟೆ ಮಾತ್ರ ಚೆಂಡು. ಇದು ತರಬೇತಿಯಲ್ಲ, ಸೇಡು ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

ಸೇಡಿಗೆ ಕಾರಣ ಮನೆಯಲ್ಲಿತ್ತು. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನ ಮೂರು ಕೋಣೆಗಳಲ್ಲಿ ಅಪ್ಪ ಮಗ ಆರು ವರ್ಷದಿಂದ ಮಾತಾಡಿರಲಿಲ್ಲ. ಮಗ, ಎಂದರೆ ಅವಳ ಗಂಡ, ಒಂದು ಕಾಲದಲ್ಲಿ ಅಗ್ನಿಶಾಮಕ ದಳಕ್ಕೆ ಆಯ್ಕೆಯಾಗಿದ್ದ. ದೇಹಪರೀಕ್ಷೆಗೆ ಹತ್ತು ದಿನ ಇದ್ದಾಗ ಕೈ ಮುರಿದುಕೊಂಡು ಅಪ್ಪನ ಕೋಣೆಗೇ ಬಂದ. “ಬಾಗಿಲ ಸಂದಿಗೆ ಸಿಕ್ಕಿತು” ಎಂದ. ಮೇಸ್ತ್ರಿ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದ. ಮುರಿದದ್ದು ಕಿರುಬೆರಳಿನ ಬುಡದ ಅಂಗೈ ಮೂಳೆ, ಗೆಣ್ಣಿನ ಸ್ವಲ್ಪ ಕೆಳಗೆ. ಬಾಗಿಲು ಆ ಮೂಳೆಯನ್ನು ಹಾಗೆ ಮುರಿಯುವುದಿಲ್ಲ. ಮುಷ್ಟಿ ಕಟ್ಟಿ ಗುದ್ದಿದರೆ ಮಾತ್ರ ಹಾಗೆ ಮುರಿಯುತ್ತದೆ. ಪ್ಲಾಸ್ಟರ್ ಕೋಣೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇರುತ್ತಿತ್ತು: ತಾರೀಕು, ಹೆಸರು, ಯಾವ ಮೂಳೆ, ಯಾವ ಬದಿ, ಕಾರಣ, ಸಹಿ. ಕಾರಣದ ಜಾಗದಲ್ಲಿ ಅವನು, ‘ಮುಷ್ಟಿ ಕಟ್ಟಿ ಗುದ್ದಿದ್ದು’ ಎಂದು ಬರೆದ. ಅಗ್ನಿಶಾಮಕದವರು ಆ ಸಾಲು ಓದಿದರು. ಸಿಟ್ಟಿನವನು ನಮಗೆ ಬೇಡ ಎಂದರು. ಮಗ ಈಗ ಬಸ್ ಡಿಪೋದಲ್ಲಿ ಗ್ರೀಸ್ ಹಚ್ಚುತ್ತಿದ್ದಾನೆ.

“ಒಂದು ಸಾಲು,” ಎನ್ನುತ್ತಿದ್ದ ಗಂಡ, ಅಪ್ಪನಿಗೆ ಕೇಳಲಿ ಎಂದೇ ಹೆಂಡತಿಯ ಕಡೆ ತಿರುಗಿ. “‘ಬಾಗಿಲು’ ಅಂತ ಬರೆಯೋಕೆ ಎಷ್ಟು ಶಾಯಿ ಬೇಕಿತ್ತಂತೆ, ಕೇಳು.”

ಮೇಸ್ತ್ರಿ ಅಡುಗೆಮನೆಯ ಗೋಡೆಗೆ ಮುಖಮಾಡಿ ಊಟ ಮಾಡುತ್ತಾ, ತನ್ನ ಹೆಂಡತಿಗೆ ಹೇಳುತ್ತಿದ್ದ: “ಅವನಿಗೆ ಹೇಳು. ನಾನು ಅವನ ಪಕ್ಷಾನೂ ಅಲ್ಲ, ಸರ್ಕಾರದ ಪಕ್ಷಾನೂ ಅಲ್ಲ. ಮೂಳೆ ಪಕ್ಷ. ಅದು ಹೇಳಿದ್ದನ್ನ ಬರೆದೆ.”

“ನಾನೇನು ನಿಮ್ಮಿಬ್ಬರ ನಡುವಿನ ಟೆಲಿಫೋನಾ?” ಎನ್ನುತ್ತಿದ್ದಳು ಅತ್ತೆ, ಪಾತ್ರೆ ಕುಕ್ಕಿ. “ಮೂಳೆ ಪಕ್ಷದೋರು ಮೂಳೆ ಮನೇಲೇ ಉಣ್ಣಬಹುದಿತ್ತಪ್ಪ.” ಸೊಸೆಯ ಕಡೆ ತಿರುಗಿ, “ನೀನೂ ಕೇಳಿಸ್ಕೊ. ಇವರ ಹತ್ತಿರ ಸತ್ತರೂ ಏನೂ ಮುಚ್ಚಿಡೋಕೆ ಹೋಗಬೇಡ. ಸಿಕ್ಕಿಹಾಕ್ಕೋತೀಯ.”

ಅವಳ ಬಳಿ ಮುಚ್ಚಿಡಲು ಒಂದು ವಿಷಯ ಇತ್ತು. ಬಲಭುಜ ನೋಯುತ್ತಿತ್ತು. ಚೆಂಡು ಹೊಡೆದಾಗ ಮಾತ್ರವಲ್ಲ, ರೋಗಿಗಳ ಹಾಸಿಗೆ ಸರಿಮಾಡುವಾಗ, ತಲೆ ಬಾಚುವಾಗ, ಮಗ್ಗುಲು ತಿರುಗುವಾಗ. ಎರಡು ತಿಂಗಳಿಂದ ಮಾತ್ರೆ ನುಂಗುತ್ತಿದ್ದಳು, ಅದೂ ವಾರ್ಡಿನ ಡಬ್ಬಿಯಿಂದಲ್ಲ, ಹೊರಗಿನ ಅಂಗಡಿಯಿಂದ ತಂದು.

ಅದೇ ಹೊತ್ತಿಗೆ ಆಸ್ಪತ್ರೆಗಳ ನಡುವಿನ ಪಂದ್ಯ ಬಂತು. ಆಫೀಸಿನ ಬೋರ್ಡಿಗೆ ಒಂದು ಸುತ್ತೋಲೆ ಅಂಟಿಸಿದರು. ಪಂದ್ಯದಲ್ಲಿ ಕಣಕ್ಕಿಳಿಯುವ ಆರು ಜನರಲ್ಲಿ ಗುತ್ತಿಗೆಯವರು ಇದ್ದರೆ ಅವರ ಹೆಸರು ಕಾಯಂ ಪಟ್ಟಿಗೆ ಹೋಗುತ್ತದೆ. ಆಟದಲ್ಲಿ ಆಕಸ್ಮಿಕವಾಗಿ ಗಾಯವಾದರೂ ಹೆಸರು ಉಳಿಯುತ್ತದೆ. ಆದರೆ ಮೊದಲೇ ಇದ್ದ ಗಾಯವನ್ನು ಮುಚ್ಚಿಟ್ಟು ಆಡಿದ್ದು ತಿಳಿದರೆ ಪಟ್ಟಿಯಲ್ಲಿ ಹೆಸರೂ ಇಲ್ಲ, ಗುತ್ತಿಗೆಯೂ ಇಲ್ಲ. ಅವಳು ಆ ಹಾಳೆಯನ್ನು ಮೂರು ಸಲ ಓದಿದಳು. ಆರು ವರ್ಷ ಗುತ್ತಿಗೆಯಲ್ಲಿ ದುಡಿದಿದ್ದಳು. ಪ್ರತಿ ಮಾರ್ಚಿನಲ್ಲೂ ಯಾರೋ ಗುಮಾಸ್ತನ ಮೇಜಿನ ಮುಂದೆ ನಿಂತು, ಇನ್ನೊಂದು ವರ್ಷ ಇರಲೋ ಬೇಡವೋ ಎಂದು ಅವನ ಮುಖ ನೋಡುವುದು ಅವಳಿಗೆ ಸಾಕಾಗಿತ್ತು.

ಅಡ್ಡ ಇದ್ದದ್ದು ಸೋಮವಾರದ ಪರೀಕ್ಷೆ. ಪ್ರತಿ ಸೋಮವಾರ ಆಟಗಾರ್ತಿಯರು ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಬೇಕು. ಅಂಗಳದಲ್ಲಿ ಮೇಸ್ತ್ರಿ ಹೆಂಗಸರನ್ನು ಮುಟ್ಟುತ್ತಿರಲಿಲ್ಲ. ಲಿಫ್ಟರ್ ಒಬ್ಬೊಬ್ಬರ ಬೆನ್ನು ಮುಟ್ಟಿ ನೋಡಿ, ಹಲಗೆಮೂಳೆಯ ಕೆಳತುದಿ ಎಲ್ಲಿದೆಯೋ ಅಲ್ಲಿ ಜರ್ಸಿಯ ಮೇಲೆ ಚಾಕ್ ಗುರುತು ಹಾಕಬೇಕು. ಆಮೇಲೆ ಎರಡೂ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹತ್ತು ಸಲ ನಿಧಾನವಾಗಿ ಮೇಲೆತ್ತಿ ಇಳಿಸಬೇಕು. ಹತ್ತನೆಯ ಸಲ ಕೈ ಮೇಲಿದ್ದಾಗ ತುದಿ ಎಲ್ಲಿಗೆ ಸರಿದಿದೆಯೋ ಅಲ್ಲಿ ಇನ್ನೊಂದು ಗುರುತು. ಮೇಸ್ತ್ರಿ ನಾಲ್ಕು ಹೆಜ್ಜೆ ದೂರದಿಂದ ಕಣ್ಣು ಕಿರಿದು ಮಾಡಿ ಎರಡೂ ಬದಿಯ ಗುರುತುಗಳನ್ನು ಹೋಲಿಸುತ್ತಿದ್ದ. ಎರಡೂ ಬದಿ ಒಂದೇ ಅಂತರ ಸರಿದಿದ್ದರೆ, ‘ಸರಿ’ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಒಂದು ಹಿಂದುಳಿದಿದ್ದರೆ, ‘ಗೋಡೆ’.

ಲಿಫ್ಟರ್ ಎಕ್ಸ್‌ರೇ ವಿಭಾಗದವಳು, ವಯಸ್ಸಿನಲ್ಲಿ ಹಿರಿಯಳು. ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು. ಪಂದ್ಯದ ಹಿಂದಿನ ಸೋಮವಾರ ಸೊಸೆ ಅವಳನ್ನು ನೀರಿನ ಡ್ರಮ್ಮಿನ ಹಿಂದೆ ಹಿಡಿದು ನಿಲ್ಲಿಸಿದಳು.

“ಅಕ್ಕ, ಬಲಗಡೆ ಎರಡನೇ ಗುರುತು ಒಂದು ಬೆರಳು ಹೊರಗೆ ಹಾಕು.”

“ತಲೆ ಕೆಟ್ಟಿದ್ಯಾ? ನಿಮ್ಮ ಮಾವ ನನ್ನನ್ನ ಆ ಅಸ್ಥಿಪಂಜರದ ಪಕ್ಕ ನೇತು ಹಾಕ್ತಾರೆ.”

“ನಿನಗೆ ಕಾಯಂ ಆಗಿದೆ. ಹೇಳೋದು ಸುಲಭ.”

ಅಕ್ಕ ಅವಳ ಬಲಭುಜದ ಕಡೆ ನೋಡಿದಳು. “ನೋವು ಎಷ್ಟಿದೆ?”

“ನೋವೇ ಇಲ್ಲ.”

“ಸುಳ್ಳು ಹೇಳೋದಾದ್ರೆ ಅವರ ಹತ್ತಿರ ಹೇಳೇ. ನನ್ನ ಹತ್ತಿರ ಯಾಕೆ?” ಎಂದು ಗೊಣಗಿದಳು ಅಕ್ಕ. ಆದರೂ ಗುರುತನ್ನು ಒಂದು ಬೆರಳು ಹೊರಗೇ ಹಾಕಿದಳು.

ಮೇಸ್ತ್ರಿ ನೋಡಿದ. ಉಳಿದವರಿಗಿಂತ ತುಸು ಹೆಚ್ಚು ಹೊತ್ತೇ ನೋಡಿದ. ಗೋಡೆಗೆ ಮುಖಮಾಡಿ ನಿಂತವಳಿಗೆ ಕಂಡದ್ದು ಸುಣ್ಣದ ಮೇಲಿನ ಒಂದು ಬಿರುಕು ಮಾತ್ರ. ಬೆನ್ನ ಹಿಂದೆ ಪೆನ್ನು ಪುಸ್ತಕದ ಮೇಲೆ ಗೀಚುವ ಸದ್ದು ಕೇಳಿಸಿತು.

“ಭುಜ. ಸರಿ. ಮುಂದಿನವಳು.”

ಅವಳಿಗೆ ಗೆದ್ದಷ್ಟು ಖುಷಿಯಾಯಿತು. ಮೂವತ್ತೊಂದು ವರ್ಷದ ಕಣ್ಣಿಗೆ ಒಂದು ಬೆರಳಗಲದ ಮಣ್ಣು! ಗಂಡನಿಗೆ ಹೇಳಿದಾಗ ಅವನೂ ಬಹಳ ದಿನದ ಮೇಲೆ ನಕ್ಕ. “ಮೂಳೆ ಪಕ್ಷಕ್ಕೆ ಮೊದಲನೇ ಸೋಲು” ಎಂದ.

ಪಂದ್ಯ ಶನಿವಾರ ಮಧ್ಯಾಹ್ನ, ಅವರದೇ ಅಂಗಳದಲ್ಲಿ. ಗಟ್ಟಿ ಮಣ್ಣಿನ ಅಂಗಳ. ಧೂಳು ಕೂರಲಿ ಎಂದು ನೀರು ಚಿಮುಕಿಸುವುದು ವಾಡಿಕೆಯಾದರೂ ಪಂದ್ಯದ ದಿನ ಒಂದು ತೊಟ್ಟು ನೀರು ಬೀಳಕೂಡದು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಹಿಂದೊಮ್ಮೆ ತೋಟದ ಮಾಲಿ ಮರೆತು ಪೈಪು ಬಿಟ್ಟದ್ದಕ್ಕೆ ಇಡೀ ಆಸ್ಪತ್ರೆಯ ಮುಂದೆ ಅವನ ನೀರಿಳಿಸಿದ್ದ. ಆ ಶನಿವಾರ ಬಿಸಿಲಿಗೆ ನೆಲ ಹಪ್ಪಳಿಕೆ ಎದ್ದಿತ್ತು. ಯಾರಾದರೂ ಓಡಿದರೆ ಹಿಮ್ಮಡಿಯ ಹಿಂದೆ ಧೂಳು ಏಳುತ್ತಿತ್ತು.

ಅವಳು ಎರಡು ಮಾತ್ರೆ ನುಂಗಿ ಇಳಿದಳು. ಮೊದಲ ಸೆಟ್ಟಿನಲ್ಲಿ ಅವಳ ಸ್ಮ್ಯಾಶಿಗೆ ಎದುರಿನವರು ಕೈ ಒಡ್ಡಲಾರದೆ ಹೋದರು. ಗೋಡೆ ತಳ್ಳಿದ್ದು ಎಲ್ಲೋ ಕೆಲಸ ಮಾಡಿರಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಆ ಯೋಚನೆಯನ್ನೂ ಅವಳು ಸಿಟ್ಟಿನಿಂದ ತಳ್ಳಿಹಾಕಿದಳು. ಎರಡನೆಯ ಸೆಟ್ಟಿನ ನಡುವೆ ಭುಜ ಮಾತು ಕೇಳುವುದನ್ನು ನಿಲ್ಲಿಸಿತು. ತೋಳು ಕಿವಿಯ ಎತ್ತರಕ್ಕೆ ಬಂದು ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಉಳಿದ ಎತ್ತರವನ್ನು ಅವಳು ಬೆನ್ನು ಬಗ್ಗಿಸಿ, ಸೊಂಟ ಓರೆ ಮಾಡಿ ತೆಗೆದುಕೊಳ್ಳತೊಡಗಿದಳು.

“ಭುಜ!” ಎಂದು ಮೇಸ್ತ್ರಿ ಗೆರೆಯ ಹೊರಗಿನಿಂದ ಕೂಗಿದ. “ಸೊಂಟದಿಂದ ಹೊಡೀತಿದ್ದೀಯ. ಹೊರಗೆ ಬಾ.”

ಅವಳು ಕೇಳಿಸದವಳಂತೆ ಮುಖ ತಿರುಗಿಸಿದಳು. ಎಕ್ಸ್‌ರೇ ಅಕ್ಕ ಮುಂದಿನ ಚೆಂಡನ್ನು ಬೇಕೆಂದೇ ಬೇರೆಯವರಿಗೆ ಎತ್ತಿದಳು. ಅದರ ಮುಂದಿನದು ಗಾಳಿಗೆ ಸಿಕ್ಕಿ ಅವಳ ಕಡೆಗೇ ಬಂತು. ಮೂರು ಹೆಜ್ಜೆ ಓಡಿ ಎರಡೂ ಕಾಲೂರಿ ಹಾರಿದಳು. ಗಾಳಿಯಲ್ಲಿ ಓರೆಯಾದಳು. ಇಳಿಯುವಾಗ ಇಡೀ ಮೈಭಾರ ಎಡಗಾಲೊಂದರ ಮೇಲೆ ಬಂತು, ಮಂಡಿ ಒಳಕ್ಕೆ ಕುಸಿಯಿತು, ಬಲಕ್ಕೆ ಉರುಳಿದವಳು ಅಂಗೈ ಚಾಚಿದಳು. ಕಟಕ್ ಎಂದದ್ದು ಅವಳಿಗೇ ಕೇಳಿಸಿತು. ನರ್ಸಾದದ್ದರಿಂದ ನೋಡಬೇಕಾಗಿಯೇ ಇರಲಿಲ್ಲ. ಆದರೂ ನೋಡಿದಳು. ಮಣಿಕಟ್ಟು ಊಟದ ಫೋರ್ಕಿನ ಹಾಗೆ ಬಾಗಿತ್ತು.

ಮೇಸ್ತ್ರಿ ಓಡಿಬರಲಿಲ್ಲ. ಬೆಂಚಿನ ಕಡೆ ತಿರುಗಿ, “ಹಿಮ್ಮಡಿ, ನೀನು ಇಳಿ,” ಎಂದು ಇನ್ನೊಬ್ಬಳನ್ನು ಕಣಕ್ಕೆ ಕಳಿಸಿದ. ಆ ಇನ್ನೊಬ್ಬಳೊಂದಿಗೇ ತಂಡ ಪಂದ್ಯ ಗೆದ್ದಿತು. ಆ ಸುದ್ದಿ ಅವಳಿಗೆ ತಲುಪಿದ್ದು ಎಕ್ಸ್‌ರೇ ಮೇಜಿನ ಮೇಲೆ. ಅಕ್ಕನೇ ಪಂದ್ಯ ಮುಗಿಸಿ ಬಂದು ಜರ್ಸಿಯ ಮೇಲೆ ಏಪ್ರನ್ ಹಾಕಿಕೊಂಡು ಚಿತ್ರ ತೆಗೆದಳು.

“ಗುಮಾಸ್ತ ಒಂದು ಗಂಟೇಲಿ ಬರ್ತಾನಂತೆ,” ಎಂದಳು. “ರಿಜಿಸ್ಟರ್ ನೋಡಿ, ಅಂಗಳ ನೋಡಿ, ವರದಿ ಬರೀತಾನೆ. ಇವತ್ತೇ ದೊಡ್ಡೋರಿಗೆ ಹೋಗಬೇಕಂತೆ. ಮೇಸ್ತ್ರಿ ಏನು ಬರೀತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.”

ಡಾಕ್ಟರು ಸೂಜಿ ಚುಚ್ಚಿ, ಎಳೆದು ಮೂಳೆ ಕೂರಿಸಿ, “ಕಟ್ಟಿಬಿಡಿ ಮೇಸ್ತ್ರಿ” ಎಂದು ಕೈ ತೊಳೆದುಕೊಂಡು ಹೋದರು. ಪ್ಲಾಸ್ಟರ್ ಕೋಣೆಯಲ್ಲಿ ಮಾವ, ಸೊಸೆ, ಮೂಲೆಯಲ್ಲಿ ಅಸ್ಥಿಪಂಜರ. ಕಿಟಕಿಯ ಆಚೆ ಖಾಲಿ ಅಂಗಳ, ಸಡಿಲಿಸಿದ ಬಲೆ.

ನಾಲ್ಕು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಮೊಣಕೈಯಿಂದ ಗೆಣ್ಣಿನವರೆಗೆ ಹತ್ತಿ ಸುತ್ತಿದ. ಪ್ಲಾಸ್ಟರ್ ಪಟ್ಟಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಕಾದ. ಎರಡೂ ತುದಿ ಹಿಡಿದು ಹಿಂಡಿ ಸುತ್ತತೊಡಗಿದ. ಬಿರುಕು ಬಿಟ್ಟ ಅಂಗೈ ಒದ್ದೆ ಪಟ್ಟಿಯ ಮೇಲೆ ಸರಿದಾಡುತ್ತಿತ್ತು, ಒಂದು ಸುಕ್ಕೂ ಉಳಿಯದ ಹಾಗೆ. ಅವಳು ಆ ಕೈಯನ್ನು ದ್ವೇಷದಿಂದಲೇ ನೋಡುತ್ತಿದ್ದಳು.

“ಬಲಗಡೆ ಎರಡನೇ ಚಾಕ್ ಗುರುತು ಮೂಳೆ ಮೇಲಿರಲಿಲ್ಲ,” ಎಂದ ಅವನು, ತಲೆಯೆತ್ತದೆ. “ಪಕ್ಕೆಲುಬಿನ ಮೇಲಿತ್ತು.”

ಪ್ಲಾಸ್ಟರ್ ಬಿಸಿಯಾಗತೊಡಗಿತ್ತು.

“ಗೊತ್ತಿತ್ತಾ ನಿಮಗೆ?”

“ಕಣ್ಣು ಕಾಣುತ್ತೆ ನನಗೆ.”

“ಗೊತ್ತಿದ್ದೂ ‘ಸರಿ’ ಅಂತ ಬರೆದ್ರಾ? ಬೀಳಲಿ ಅಂತ?”

“ಬೀಳ್ತೀಯ ಅಂತ ಗೊತ್ತಿತ್ತು. ಎಡಗೈ ಮುರೀತೀಯ ಅಂದ್ಕೊಂಡಿದ್ದೆ.” ಅವನು ಹೆಬ್ಬೆರಳಿನ ಸುತ್ತ ಅಂಚನ್ನು ಹಿಂದಕ್ಕೆ ಮಡಚಿದ. “ಬೆರಳು ಆಡಿಸು. ಐದೂ.”

ಅವಳು ಆಡಿಸಿದಳು. ಸಿಟ್ಟಿಗೆ ಕಣ್ಣು ತುಂಬಿತ್ತು. “ನಿಮ್ಮ ಮಗನದ್ದೂ ಹಾಳು ಮಾಡಿದ್ರಿ, ನನ್ನದೂ ಆಯ್ತು. ಬರೀರಿ ಈಗ. ಹಳೇ ನೋವು, ಮುಚ್ಚಿಟ್ಟು ಆಡಿದ್ದು. ನಿಮ್ಮ ಮೂಳೆ ಹೇಳಿದ್ದು ಬರೀರಿ.”

“ಬಾಯಿ ಮುಚ್ಚು. ಕೈ ಅಲುಗಾಡುತ್ತೆ.”

ಅವನು ಪ್ಲಾಸ್ಟರಿನ ಮೇಲೆ ನೀಲಿ ಪೆನ್ಸಿಲ್ಲಿನಿಂದ ಮುರಿದ ಮೂಳೆಯ ಚಿತ್ರ ಬರೆದ, ಮುರಿದ ತಾರೀಕು, ಬಿಚ್ಚುವ ತಾರೀಕು ಬರೆದ. ರಿಜಿಸ್ಟರ್ ಎಳೆದುಕೊಂಡ. ನರ್ಸುಗಳಿಗೆ ತಲೆಕೆಳಗಾದ ಬರಹ ಓದುವ ಅಭ್ಯಾಸ ಇರುತ್ತದೆ; ಅವಳು ಮೇಜಿನ ಈಚೆ ಕೂತೇ ಒಂದೊಂದಾಗಿ ಓದುತ್ತಾ ಹೋದಳು. ತಾರೀಕು. ಹೆಸರು. ಅಲ್ಲಿ ಅವನು ‘ಭುಜ’ ಎಂದೂ ಬರೆಯಲಿಲ್ಲ, ‘ಸೊಸೆ’ ಎಂದೂ ಬರೆಯಲಿಲ್ಲ, ಅವಳ ಪೂರ್ತಿ ಹೆಸರನ್ನೇ ಬರೆದ. ಮುಂಗೈ ಮೂಳೆ. ಬಲ. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವನು ಮೂಲೆಯ ಅಸ್ಥಿಪಂಜರದ ಕಡೆ ಒಮ್ಮೆ ನೋಡಿದ. ಅವಳ ಕಡೆ ನೋಡಲಿಲ್ಲ. ಆಮೇಲೆ ಒಂದೇ ಏಟಿಗೆ ಬರೆದ: ‘ಬಲೆಯ ಬಳಿ ನೆಲ ಒದ್ದೆಯಾಗಿದ್ದು ಕಾಲು ಜಾರಿದ್ದು. ಅಂಗಳ ನೋಡಿಕೊಳ್ಳುವವನ ಅಲಕ್ಷ್ಯ.’ ಕೆಳಗೆ ತನ್ನ ಸಹಿ.

ಅಂಗಳ ನೋಡಿಕೊಳ್ಳುವವನು ಅವನೇ. ಅವನ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು.

“ಮಾವ…” ಎಂದಳು ಅವಳು.

“ಇಲ್ಲಿ ಮಾವ ಇಲ್ಲ. ಕೈ ಎದೆಗಿಂತ ಮೇಲೆ ಇಟ್ಕೊ. ಊದಿದರೆ ನನ್ನ ಹತ್ತಿರ ಅತ್ತುಕೊಂಡು ಬರಬೇಡ.”

ಅವನು ಬಕೆಟ್ಟಿನ ಮೇಲೆ ಬಗ್ಗಿದ. ಪ್ಲಾಸ್ಟರಿನ ನೀರನ್ನು ಎಂದೂ ಎಲ್ಲೆಂದರಲ್ಲಿ ಚೆಲ್ಲುತ್ತಿರಲಿಲ್ಲ. ಹಿಂದಿನ ಗುಂಡಿಗೆ ಮಾತ್ರ. ಅವಳು ಅವನು ಹಿಂಬಾಗಿಲಿಗೆ ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ. ಬಿಳಿಯೆಲ್ಲ ತಳಕ್ಕೆ ಕೂರುವವರೆಗೆ, ಗಡಿಯಾರ ನೋಡುತ್ತಾ, ಅಲುಗದೆ ನಿಂತ. ಆಮೇಲೆ ಮೇಲಿನ ತಿಳಿನೀರನ್ನು ಒಂದು ಚೂರೂ ಬಿಳಿ ಬರದ ಹಾಗೆ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಮುಂಬಾಗಿಲಿನಿಂದ ಹೊರಟ.

ಕಿಟಕಿಯಿಂದ ಅವಳು ನೋಡಿದಳು. ಅವನು ಬಲೆಯ ಎಡಬದಿಗೆ, ಅವಳು ಬಿದ್ದ ಜಾಗಕ್ಕೇ ನೇರ ಹೋದ. ಸುತ್ತ ಒಮ್ಮೆ ಕಣ್ಣು ಹಾಯಿಸಿ, ನೀರನ್ನು ಒಣ ಮಣ್ಣಿಗೆ ಸುರಿದ. ಬಕೆಟ್ ಕೆಳಗಿಟ್ಟು, ತುಸು ಯೋಚಿಸಿ, ಬಲಗಾಲನ್ನು ಮುಂದಿಟ್ಟ. ಕೂಡಲೇ ಹಿಂದಕ್ಕೆ ತೆಗೆದುಕೊಂಡು, ಎಡಗಾಲಿನ ಹಿಮ್ಮಡಿಯನ್ನು ಊರಿ, ಆ ಕೆಸರಿನಲ್ಲಿ ಒಂದು ಉದ್ದನೆಯ ಗೆರೆ ಎಳೆದ.